ಮೂಗಿನ ಮಾತು ಕೇಳಿ ಬೆಲ್ಟು ನೆನೆಸಬೇಡಿ

ಆಗಷ್ಟೇ ಹೊಯ್ದ ಉಚ್ಚೆಗೆ ಹೇಳಿಕೊಳ್ಳುವಂಥ ನಾತ ಇರುವುದಿಲ್ಲ. ಅದರಲ್ಲಿ ಶೇಕಡಾ 95ರಷ್ಟು ಬರೀ ನೀರು. ಉಳಿದದ್ದರಲ್ಲಿ ದೊಡ್ಡ ಪಾಲು ಯೂರಿಯಾ, ಆಮೇಲೆ ಉಪ್ಪುಗಳು, ಕ್ರಿಯಾಟಿನಿನ್, ಚೂರು ಯೂರಿಕ್ ಆಮ್ಲ. ಯೂರಿಯಾಕ್ಕೆ ವಾಸನೆಯೇ ಇಲ್ಲ. ಹಾಗಾಗಿ ಗದಗದಿಂದ ಹುಬ್ಬಳ್ಳಿಗೆ ಬರುವ ದಾರಿಯಲ್ಲಿ ಕೂಸು ನಿದ್ದೆಗಣ್ಣಲ್ಲಿ ತನ್ನ ಕಾರ್ ಸೀಟು (ಕಾರಿನಲ್ಲಿ ಮಕ್ಕಳನ್ನು ಬೆಲ್ಟು ಕಟ್ಟಿ ಕೂರಿಸುವ ಬೇರೆ ಸೀಟು) ತೊಯ್ಸಿದರೆ ಆ ಹೊತ್ತಿಗೆ ಯಾರ ಮೂಗಿಗೂ ಸುದ್ದಿ ಮುಟ್ಟುವುದಿಲ್ಲ. ಮರುದಿನ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದಾಗ ಘಾಟು ಮುಖಕ್ಕೆ ಹೊಡೆಯುತ್ತದೆ.

ಈ ನಡುವೆ ಕೆಲಸ ಮಾಡಿದ್ದು ಬ್ಯಾಕ್ಟೀರಿಯಾ. ಬಟ್ಟೆಯಲ್ಲಿ, ಸ್ಪಂಜಿನಲ್ಲಿ ಬೀಡುಬಿಟ್ಟಿರುವ ಹಲವು ಬ್ಯಾಕ್ಟೀರಿಯಾಗಳ ಬಳಿ ಯೂರಿಯೇಸ್ ಎಂಬ ಕಿಣ್ವ (ಎಂಜೈಮ್) ಇದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅಂದಹಾಗೆ, ಕಿಣ್ವವೆಂದರೆ ಪ್ರೋಟೀನು ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟಿದ್ದು ಇದೇ ಯೂರಿಯೇಸ್. ಹರೆಯದಲ್ಲಿ ಬೇಟೆಯ ಅವಘಡದಲ್ಲಿ ಒಂದು ಕೈ ಕಳೆದುಕೊಂಡಿದ್ದ ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಒಂದು ಬಗೆಯ ಅವರೆ ಕಾಳಿನಿಂದ ಅದನ್ನು ಹರಳಾಗಿ ಬೇರ್ಪಡಿಸಿದರು. ಬಹಳ ಕಾಲ ಯಾರೂ ನಂಬಲಿಲ್ಲ. 1946ರಲ್ಲಿ ನೊಬೆಲ್ ಬಂತು.

ನಮ್ಮ ಎರಿ ಹೊಲಗಳಲ್ಲಿ ನಡೆಯುವುದೂ ಇದೇ. ಯೂರಿಯಾ ಗೊಬ್ಬರದಲ್ಲಿ ಶೇಕಡಾ 46 ಸಾರಜನಕ. ಅದನ್ನು ನೆಲದ ಮೇಲೆ ಚೆಲ್ಲಿ ಹಾಗೇ ಬಿಟ್ಟರೆ ಮಣ್ಣಿನ ಯೂರಿಯೇಸ್ ಅದನ್ನು ಅಮೋನಿಯಾ ಮಾಡುತ್ತದೆ. ಎರಿ ಮಣ್ಣು ಕ್ಷಾರೀಯ, ಮೇಲೆ ಬಿಸಿಲು. ಅನಿಲ ಗಾಳಿಗೆ ಹಾರಿ ರೈತನ ರೊಕ್ಕ ಹೋಗುತ್ತದೆ. ಅದಕ್ಕೇ ಗೊಬ್ಬರವನ್ನು ಮಣ್ಣಲ್ಲಿ ಬೆರೆಸುವುದು, ಇಲ್ಲವೇ ಮಳೆ ನೋಡಿ ಹಾಕುವುದು. ನೀರು ಯೂರಿಯಾವನ್ನು ಕೆಳಗೆ ಒಯ್ಯುತ್ತದೆ, ಕಿಣ್ವಕ್ಕೆ ಮೇಲೆ ಸಿಗಗೊಡುವುದಿಲ್ಲ. ಕಾರ್ ಸೀಟಿಗೂ ಮೊದಲ ಮದ್ದು ನೀರೇ. ಒಡೆಯುವ ಮುಂಚೆ ಯೂರಿಯಾವನ್ನು ಹೊರಗೆ ಕಳಿಸಿದರೆ ನಾತದ ಬೇರೇ ಹೋದಂತೆ. ಒಣ ಟವೆಲ್ಲಿನಿಂದ ಒತ್ತಿ ಒತ್ತಿ ಹೀರಿಸಿ, ಕವರು ಬಿಚ್ಚಿ, ತಣ್ಣೀರಲ್ಲಿ ಜಾಲಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ತಿಕ್ಕಬಾರದು, ತಿಕ್ಕಿದರೆ ಸ್ಪಂಜಿನೊಳಗೆ ಇನ್ನೂ ಇಳಿಯುತ್ತದೆ.

ತಡವಾದರೆ ಅಮೋನಿಯಾ ಒಂದೇ ಇರುವುದಿಲ್ಲ. ಹಳಸಿದ ಮೀನಿನ ವಾಸನೆಯ ಟ್ರೈಮೀಥೈಲ್ ಅಮೀನ್, ದನದ ದಂದಕ್ಕಿಯ ವಾಸನೆಗೆ ಕಾರಣವಾದ ಕ್ರೆಸಾಲ್, ಗಂಧಕದ ಸಂಯುಕ್ತಗಳು ಎಲ್ಲ ಸೇರಿಕೊಳ್ಳುತ್ತವೆ. ಯೂರಿಕ್ ಆಮ್ಲದ್ದು ಬೇರೆಯೇ ಹಟ. ಒಂದು ಲೀಟರ್ ತಣ್ಣೀರಿನಲ್ಲಿ ಅದು ಕರಗುವುದು ಸುಮಾರು 60 ಮಿಲಿಗ್ರಾಂ ಮಾತ್ರ. ಹರಳಾಗಿ ಎಳೆಗಳ ನಡುವೆ ಕೂತುಬಿಡುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸೀಟು ಮತ್ತೆ ತೇವವಾದಾಗ ಬ್ಯಾಕ್ಟೀರಿಯಾ ಆ ಉಳಿಕೆಯನ್ನೂ ತಿಂದು ಅಮೋನಿಯಾ ಮಾಡುತ್ತವೆ. ‘ತೊಳದೇವಿ, ಆದ್ರೂ ಮಳಿ ಬಂದಾಗ ನಾರತೈತಿ’ ಎನ್ನುವವರ ಅನುಭವ ಸುಳ್ಳಲ್ಲ.

ಅಡುಗೆಮನೆಯ ಮದ್ದುಗಳ ವಿಚಾರಕ್ಕೆ ಬರೋಣ. ವಿನೆಗರ್ ಆಮ್ಲ, ಅಮೋನಿಯಾ ಕ್ಷಾರ. ಎರಡೂ ಸೇರಿ ವಾಸನೆಯಿಲ್ಲದ ಲವಣವಾಗುತ್ತವೆ, ಘಾಟು ತಕ್ಷಣ ಇಳಿಯುತ್ತದೆ. ಆದರೆ ಆಮ್ಲದಲ್ಲಿ ಯೂರಿಕ್ ಆಮ್ಲ ಮತ್ತಷ್ಟು ಕಡಿಮೆ ಕರಗುತ್ತದೆ. ಅಡುಗೆ ಸೋಡಾ ವಿನೆಗರಿಗೆ ತದ್ವಿರುದ್ಧ, ಅದು ಕ್ಷಾರ. ಎರಡನ್ನೂ ಒಟ್ಟಿಗೆ ಸುರಿದು ಬುರುಬುರು ನೊರೆ ಬಂದದ್ದನ್ನು ನೋಡಿ ಖುಷಿಪಡುವವರಿದ್ದಾರೆ. ಆ ನೊರೆ ಬರೀ ಇಂಗಾಲದ ಡೈಆಕ್ಸೈಡ್. ಒಂದು ಇನ್ನೊಂದನ್ನು ತಿಂದು ಹಾಕಿರುತ್ತದೆ, ಸೀಟಿಗೆ ದಕ್ಕುವುದು ಉಪ್ಪುನೀರಿನಂಥದ್ದು ಅಷ್ಟೆ. ಸಾಲದ್ದಕ್ಕೆ ಸೀಟು ಮಾಡುವ ಕೆಲವು ಕಂಪನಿಗಳು ವಿನೆಗರ್ ಬೇಡ ಎಂದೇ ಪುಸ್ತಿಕೆಯಲ್ಲಿ ಬರೆದಿರುತ್ತವೆ.

ಬ್ಲೀಚಿಂಗ್ ಪುಡಿ, ಬ್ಲೀಚ್ ದ್ರಾವಣಗಳ ವಿಷಯದಲ್ಲಿ ಮಾತ್ರ ತಮಾಷೆಯಿಲ್ಲ. ಅಮೋನಿಯಾ ತುಂಬಿದ ಸೀಟಿನ ಮೇಲೆ ಬ್ಲೀಚ್ ಬಿದ್ದರೆ ಕ್ಲೋರಮೀನ್ ಎಂಬ ಅನಿಲಗಳು ಏಳುತ್ತವೆ. ಕಣ್ಣು, ಗಂಟಲು, ಪುಪ್ಪುಸ ಸುಡುತ್ತವೆ. ಶೌಚಾಲಯದ ಆ್ಯಸಿಡ್ ಜತೆ ಬ್ಲೀಚ್ ಬೆರೆತರೆ ಕ್ಲೋರಿನ್ನೇ ಹೊರಬರುತ್ತದೆ. ಕಾರಿನಂಥ ಮುಚ್ಚಿದ ಜಾಗದಲ್ಲಿ ಇದು ಆಸ್ಪತ್ರೆಯ ದಾರಿ. ಇನ್ನು ಸೀಟಿನ ಕೆಳಗೆ ಡಾಂಬರ ಗುಳಿಗೆ ಇಡುವ ರೂಢಿ. ಅದರ ನ್ಯಾಫ್ಥಲೀನ್, ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಕೊರತೆ ಇರುವುದು ತಂದೆತಾಯಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ನಾತಕ್ಕೆಂದು ಇಟ್ಟ ಕರ್ಪೂರ ಬಾಯಿಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಇವೆರಡಕ್ಕಿಂತ ಉಚ್ಚೆಯ ನಾತವೇ ವಾಸಿ.

ಹಳೆಯ ನಾತಕ್ಕೆ ನಿಜವಾಗಿ ಕೆಲಸಕ್ಕೆ ಬರುವುದು ಉಚ್ಚೆಯ ಕಲೆಗೆಂದೇ ಮಾರುವ ಕಿಣ್ವದ ದ್ರಾವಣ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಬಟ್ಟೆ ಸೋಪಿನ ಪುಡಿಯಲ್ಲೂ ಕಿಣ್ವವಿರುತ್ತದಲ್ಲ ಎಂದರೆ, ಅದು ಪ್ರೋಟೀನು, ಗಂಜಿ, ಜಿಡ್ಡು ಒಡೆಯುವಂಥದ್ದು. ಯೂರಿಕ್ ಆಮ್ಲ ಅದರ ಪಾಲಿಗೆ ಇಲ್ಲವೇ ಇಲ್ಲ. ಕಿಣ್ವ ಪ್ರೋಟೀನಾದ್ದರಿಂದ ಕುದಿನೀರು, ಫಿನೈಲು ತಾಗಿದರೆ ಸತ್ತಂತೆ. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ತೇವವಾಗಿಯೇ ಇರಬೇಕು, ಅವಸರ ಸಲ್ಲದು. ಸೀಟಿನ ಪುಸ್ತಿಕೆ ಬೇಡ ಎಂದಿರದಿದ್ದರೆ ಕವರಿಗೆ ಹಾಕಬಹುದು. ಬೆಲ್ಟಿಗೆ ಬೇಡ.

ಬೆಲ್ಟಿನ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೈಪಾಸಿನಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅನ್ನಿ. 15 ಕೆ.ಜಿ. ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಸರಾಸರಿ 2000 ನ್ಯೂಟನ್‌ಗೂ ಮಿಕ್ಕ ಬಲ ಬೇಕು, ಅಂದರೆ ಎರಡು ಕ್ವಿಂಟಲ್ ಭಾರ ಎತ್ತಿ ಹಿಡಿದಂತೆ. ತಾಯಿಯ ತೋಳಿಗೆ ಅದು ಸಾಧ್ಯವಿಲ್ಲ, ಆ ಪಟ್ಟಿಗಳಿಗೆ ಸಾಧ್ಯ. ಅವು ಸಾಮಾನ್ಯವಾಗಿ ಪಾಲಿಯೆಸ್ಟರ್. ಪಾಲಿಯೆಸ್ಟರಿನ ಎಸ್ಟರ್ ಬಂಧಗಳನ್ನು ಕಾಸ್ಟಿಕ್‌ನಂಥ ಪ್ರಬಲ ಕ್ಷಾರ ಕತ್ತರಿಸುತ್ತದೆ. ಜವಳಿ ಕಾರ್ಖಾನೆಗಳಲ್ಲಿ ಪಾಲಿಯೆಸ್ಟರ್ ಸೀರೆಗೆ ರೇಷ್ಮೆಯ ನವಿರು ತರಲು ಬೇಕೆಂದೇ ಹೀಗೆ ಎಳೆ ಸವೆಸುತ್ತಾರೆ. ಸೀರೆಗೆ ಅದು ಸೊಗಸು. ಬೆಲ್ಟಿನ ಎಳೆ ಸವೆದರೆ ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಕಂಪನಿ ಪರೀಕ್ಷೆ ಮಾಡಿದ್ದು ಹೊಸ ಬೆಲ್ಟನ್ನು, ನಾವು ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಸಿದ್ದನ್ನಲ್ಲ. ಆದ್ದರಿಂದ ತೆಳುವಾದ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಒರೆಸುವುದು, ಬರೀ ನೀರಿನ ಅರಿವೆಯಿಂದ ಮತ್ತೊಮ್ಮೆ ಒರೆಸುವುದು, ಅಷ್ಟೇ. ಮಷಿನ್, ಇಸ್ತ್ರಿ, ಸರ್ವಿಸಿಂಗ್ ಸೆಂಟರಿನ ಪ್ರೆಶರ್ ನೀರು ಯಾವುದೂ ಬೇಡ. ಬೆಲ್ಟು ಪೂರ್ತಿ ತೊಯ್ದು ನಾರುತ್ತಿದ್ದರೆ ಕಂಪನಿಯಿಂದ ಬೇರೆ ಪಟ್ಟಿ ತರಿಸಿ. ಬಕಲ್ ಒಳಗೆ ಉಚ್ಚೆ ಒಣಗಿ ಅಂಟಾದರೆ ‘ಟಕ್’ ಎಂದು ಕೂರುವುದಿಲ್ಲ. ಪುಸ್ತಿಕೆ ನೋಡಿ ಉಗುರುಬೆಚ್ಚನೆ ನೀರಲ್ಲಿ ಜಾಲಾಡಿ, ಎಣ್ಣೆ ಬಿಡಬೇಡಿ. ಸೀಟಿನ ಒಳಗಿನ ಥರ್ಮೋಕೋಲಿಗೆ ಪೆಟ್ರೋಲ್, ಥಿನ್ನರ್ ತಾಗಿಸಬೇಡಿ, ಕರಗಿಹೋಗುತ್ತದೆ.

ನಮ್ಮ ಕಡೆ ಕೂಸು ತೊಯ್ಸಿದ ಕೌದಿಯನ್ನು ಹಳ್ಳಕ್ಕೆ ಒಯ್ದು ಬಡಿದು, ಉರಿಬಿಸಿಲಿಗೆ ಹಾಕುವುದು ವಾಡಿಕೆ. ಹತ್ತಿಯ ಕೌದಿಗೆ ಅದೇ ಸರಿ. ಕಾರ್ ಸೀಟಿನ ಪ್ಲಾಸ್ಟಿಕ್ಕು, ಪಾಲಿಯೆಸ್ಟರು ಮಾತ್ರ ಬಿಸಿಲಿನ ಅತಿನೇರಳೆ ಕಿರಣಕ್ಕೆ ವರ್ಷಾನುಗಟ್ಟಲೆ ಸಿಕ್ಕರೆ ಪೆಡಸಾಗುತ್ತವೆ. ನೆರಳಲ್ಲಿ, ಗಾಳಿಗೆ ಒಣಗಿಸಿದರೆ ಸಾಕು. ಕವರು ಬಿಚ್ಚುವ ಮುಂಚೆ ಪಟ್ಟಿಗಳು ಯಾವ ಕಿಂಡಿಯಿಂದ ಹಾದುಬಂದಿವೆ ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತಿರುಗಿ ಜೋಡಿಸುವಾಗ ತಪ್ಪು ಕಿಂಡಿಗೆ ಹಾಕಿದರೆ ತೊಳೆದು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಮಳೆಗಾಲದಲ್ಲಿ ಫ್ಯಾನಿನ ಕೆಳಗಿಟ್ಟರೂ ಸೀಟು ಒಣಗಲು ಒಂದೆರಡು ದಿನ ಬೇಕಾದೀತು. ಅಲ್ಲಿಯವರೆಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರಿನಲ್ಲಿ ಹೋಗುವಂತಿಲ್ಲ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹದಿನಾಲ್ಕರೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇರದಿದ್ದರೆ 1000 ರೂಪಾಯಿ ದಂಡ. ದಂಡದ ಮಾತಿರಲಿ, ಆ ಎರಡು ಕ್ವಿಂಟಲ್ ಲೆಕ್ಕ ಇದ್ದೇ ಇದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಲೇಬೇಕಾದರೆ ಚಿಗರಿ ಬಸ್ಸಿದೆ.