24 ಬ್ರಷ್‌ಗಳ ಸೆಟ್ ಕೊಳ್ಳಲೇ, ನಾಲ್ಕೈದು ಬಿಡಿ ಬ್ರಷ್ ಸಾಕೇ?

ಪ್ರಶ್ನೆ: ಮೇಕಪ್ ಈಗಷ್ಟೇ ಕಲಿಯುತ್ತಿದ್ದೇನೆ. ಆನ್‌ಲೈನ್‌ನಲ್ಲಿ 24 ಬ್ರಷ್‌ಗಳ ಸೆಟ್ 499 ರೂಪಾಯಿಗೆ ಸಿಗುತ್ತಿದೆ. ಅದೇ ದುಡ್ಡಿಗೆ ಅಂಗಡಿಯಲ್ಲಿ ಒಂದೋ ಎರಡೋ ಬ್ರಷ್ ಬರುತ್ತವೆ, ಅಷ್ಟೇ. ಯಾವುದನ್ನು ಕೊಳ್ಳಲಿ? ಒಳ್ಳೆಯ ಬ್ರಷ್ ಯಾವುದೆಂದು ಗುರುತಿಸುವುದು ಹೇಗೆ?

ಉತ್ತರ: ಆ ಒಂದೋ ಎರಡೋ ಬ್ರಷ್ಷನ್ನೇ ಕೊಳ್ಳಿ. 499ನ್ನು 24ರಿಂದ ಭಾಗಿಸಿ ನೋಡಿ, ಒಂದು ಬ್ರಷ್ಷಿಗೆ 21 ರೂಪಾಯಿಯೂ ಬೀಳುವುದಿಲ್ಲ. ಕೂದಲು, ಲೋಹ, ಹಿಡಿ, ಅಂಟು, ಪೊಟ್ಟಣ, ಸಾಗಣೆ, ಮಾರುವವರ ಲಾಭ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಹಿಡಿಗೆ ಹೊಳೆಯುವ ಬಣ್ಣ ಬಳಿಯಲು ಹೆಚ್ಚು ಖರ್ಚಿಲ್ಲ, ಹಾಗಾಗಿ ಫೋಟೋದಲ್ಲಿ ಸೆಟ್ ಚೆನ್ನಾಗಿಯೇ ಕಾಣುತ್ತದೆ. ಕೈ ಬಿಗಿ ಹಿಡಿದಿರುವುದು ಕಣ್ಣಿಗೆ ಬೀಳದ ಎರಡು ಕಡೆ: ಕೂದಲಿನ ತುದಿಯಲ್ಲಿ, ಕೂದಲಿನ ಬುಡದಲ್ಲಿ.

ಮೊದಲು ತುದಿಯ ವಿಷಯ. ಒಳ್ಳೆಯ ಬ್ರಷ್ಷಿನ ಪ್ರತಿ ಎಳೆಯೂ ತುದಿಗೆ ಬರುತ್ತಾ ಸಣ್ಣಗಾಗುತ್ತದೆ. ಅಗ್ಗದ ಬ್ರಷ್ಷಿನಲ್ಲಿ ಎಳೆಗಳನ್ನು ಕಟ್ಟಿದ ಮೇಲೆ ಕತ್ತರಿಸಿ ಆಕಾರ ಕೊಟ್ಟಿರುತ್ತಾರೆ. ಕತ್ತರಿಸಿದ ತುದಿ ಮೊಂಡಾಗಿರುತ್ತದೆ. ಕೆನ್ನೆಗೆ ಚುಚ್ಚುತ್ತದೆ, ಮೈಬಣ್ಣ ಸಮನಾಗಿ ಕಾಣಲು ಹಚ್ಚಿದ ಫೌಂಡೇಶನ್ನಿನಲ್ಲಿ ಗೀರು ಬಿಡುತ್ತದೆ. ಜಪಾನಿನ ಹಿರೊಶಿಮಾ ಪ್ರಾಂತ್ಯದಲ್ಲಿ ಕುಮಾನೊ ಎಂಬ ಊರಿದೆ. ಕುಂಚ ಕಟ್ಟುವುದೇ ಆ ಊರಿನ ಕಸುಬು, ಆ ದೇಶದ ಬಹುಪಾಲು ಕುಂಚಗಳು ಅಲ್ಲಿಯೇ ತಯಾರಾಗುತ್ತವೆ. ಅಲ್ಲಿನ ಕುಶಲಕರ್ಮಿಗಳು ಮೇಕಪ್ ಬ್ರಷ್ಷಿನ ಕೂದಲ ತುದಿಗೆ ಕತ್ತರಿ ತಾಗಿಸುವುದಿಲ್ಲ. ಕೊಮ ಎಂಬ ಪುಟ್ಟ ಮರದ ಅಚ್ಚಿನಲ್ಲಿ ಕೂದಲನ್ನು ತುದಿ ಕೆಳಗಾಗಿ ತುಂಬಿ, ತಟ್ಟಿ, ದುಂಡಗಿನ ಆಕಾರ ಬರಿಸುತ್ತಾರೆ. ಆ ಬ್ರಷ್‌ಗಳ ಮೃದುತ್ವವೂ ಬೆಲೆಯೂ ಬರುವುದು ಈ ಕೈಕೆಲಸದಿಂದ. ನಿಮಗೆ ಕುಮಾನೊದ ಬ್ರಷ್ಷೇ ಬೇಕೆಂದಿಲ್ಲ. ತುದಿ ಸಣ್ಣಗಿರುವ ಸಿಂಥೆಟಿಕ್ ಎಳೆಯ ಬ್ರಷ್‌ಗಳು ನಮ್ಮ ಅಂಗಡಿಗಳಲ್ಲೂ ಬೇಕಾದಷ್ಟಿವೆ.

ಇನ್ನು ಬುಡ. ಕೂದಲನ್ನೂ ಹಿಡಿಯನ್ನೂ ಕಚ್ಚಿ ಹಿಡಿಯುವ ಲೋಹದ ಕೊಳವೆಗೆ ಫೆರೂಲ್ ಎನ್ನುತ್ತಾರೆ. ಅದರೊಳಗೆ ಕೂದಲನ್ನು ಅಂಟಿನಿಂದ ಕೂರಿಸಿ, ಹಿಡಿಯ ಕಡೆ ಲೋಹವನ್ನು ಸುತ್ತಲೂ ಒತ್ತಿ ಬಿಗಿ ಮಾಡುತ್ತಾರೆ. ಒತ್ತಿದ ಗೆರೆ ಎರಡು ಸುತ್ತು ಕಂಡರೆ ಒಳ್ಳೆಯದು. ಒಂದೂ ಇಲ್ಲದಿದ್ದರೆ ಹಿಡಿ ನಿಂತಿರುವುದು ಬರೀ ಅಂಟಿನ ಮೇಲೆ, ನಾಲ್ಕಾರು ಸಲ ತೊಳೆದ ಮೇಲೆ ಅದು ಅಲ್ಲಾಡತೊಡಗುತ್ತದೆ. ಲೋಹ ಅಲ್ಯೂಮಿನಿಯಂ, ಹಿತ್ತಾಳೆ ಅಥವಾ ತಾಮ್ರದ್ದಾಗಿರಲಿ. ಅನುಮಾನವಿದ್ದರೆ ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಹಿಡಿಯಿರಿ. ಪಟ್ಟನೆ ಗಟ್ಟಿಯಾಗಿ ಅಂಟಿಕೊಂಡರೆ ಒಳಗಿರುವುದು ಕಬ್ಬಿಣದ ತಗಡು. ನೀರು ತಾಗುತ್ತಾ ತಾಗುತ್ತಾ ತುಕ್ಕು ಹಿಡಿಯುತ್ತದೆ, ಕರಾವಳಿಯ ಗಾಳಿಯಲ್ಲಂತೂ ಬೇಗ.

ಪ್ರಾಣಿಗಳ ಕೂದಲೋ ಸಿಂಥೆಟಿಕ್ಕೋ ಎಂಬುದಕ್ಕೆ ಉತ್ತರ ನಿಮ್ಮ ಮೇಕಪ್ ಡಬ್ಬದಲ್ಲಿದೆ. ಮೇಕೆ, ಅಳಿಲಿನಂಥ ಪ್ರಾಣಿಗಳ ಕೂದಲ ಮೈಮೇಲೆ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಅವು ಪುಡಿಯನ್ನು ಹಿಡಿದಿಟ್ಟು, ಚರ್ಮದ ಮೇಲೆ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ಆದರೆ ಅದೇ ಕೂದಲು ದ್ರವವನ್ನು ಹೀರಿಕೊಳ್ಳುತ್ತದೆ. ಹಿಂಡಿದ ಫೌಂಡೇಶನ್ನಿನಲ್ಲಿ ಒಂದು ಪಾಲು ಬ್ರಷ್ಷಿಗೇ ಹೋಗುತ್ತದೆ, ತೊಳೆಯುವುದೂ ಕಷ್ಟ. ನೈಲಾನ್ ಅಥವಾ ಟಾಕ್ಲಾನ್ ಎಂಬ ಪಾಲಿಯೆಸ್ಟರ್ ಎಳೆ ನುಣುಪಾಗಿರುವುದರಿಂದ ದ್ರವ ಹೊರಗೇ ಉಳಿಯುತ್ತದೆ, ಬೇಗ ಒಣಗುತ್ತದೆ. ಹೊಸಬರಿಗೆ ಸಿಂಥೆಟಿಕ್ಕೇ ಸರಿ: ಕ್ರೀಮಿಗೂ ಪುಡಿಗೂ ಆಗುತ್ತದೆ, ಪ್ರಾಣಿಗಳ ಕೂದಲು ಬೇಡ ಎನ್ನುವ ಮನೆಗಳಲ್ಲಿ ಮುಜುಗರವೂ ಇಲ್ಲ. ಮಾರುವವರು ಹೇಳಿದ್ದು ನಿಜವೋ ಅಲ್ಲವೋ ತಿಳಿಯಲು ಉದುರಿದ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸಿಂಕ್ ಮೇಲೆ ಬೆಂಕಿಗೆ ತಾಗಿಸಿ. ಪ್ರಾಣಿಯ ಕೂದಲು ಸುಟ್ಟ ಕೂದಲಿನ ವಾಸನೆ ಬೀರಿ ಪುಡಿಯಾಗುತ್ತದೆ. ಸಿಂಥೆಟಿಕ್ ಎಳೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಮುಂಗುಸಿ ಕೂದಲಿನದೆಂದು ಯಾರಾದರೂ ಬ್ರಷ್ ತೋರಿಸಿದರೆ ಮುಟ್ಟಬೇಡಿ. ಹೆಚ್ಚಾಗಿ ಚಿತ್ರಕಲೆಯ ಕುಂಚಗಳಿಗಾಗಿ ಮುಂಗುಸಿಗಳನ್ನು ಕೊಲ್ಲುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ.

ಹಾಗಾದರೆ ಏನೇನು ಕೊಳ್ಳಬೇಕು? ದಿನಬಳಕೆಗೆ ನಾಲ್ಕು ಸಾಕು. ಲಿಕ್ವಿಡ್ ಫೌಂಡೇಶನ್ ಹಚ್ಚುವವರಾದರೆ ತಲೆ ಚಪ್ಪಟೆಯಾದ, ದಟ್ಟವಾದ ಸಿಂಥೆಟಿಕ್ ಬಫಿಂಗ್ ಬ್ರಷ್, ಅಗಲ ಎರಡೂವರೆಯಿಂದ ಮೂರು ಸೆಂಟಿಮೀಟರ್. ಇದಕ್ಕಿಂತ ದೊಡ್ಡದು ಮೂಗಿನ ಪಕ್ಕ, ಕಣ್ಣಿನ ಕೆಳಗೆ ಹೋಗುವುದಿಲ್ಲ. ಪೌಡರ್ ಮತ್ತು ಬ್ಲಶ್ ಎರಡಕ್ಕೂ ಮಧ್ಯಮ ಗಾತ್ರದ, ಸಡಿಲವಾದ ಒಂದು ಬ್ರಷ್ ಸಾಕು, ಮಧ್ಯೆ ಒಣಬಟ್ಟೆಯಲ್ಲಿ ಒರೆಸಿಕೊಳ್ಳಿ. ಕಣ್ಣಿನ ಬಣ್ಣವನ್ನು ಅಂಚು ಕಾಣದಂತೆ ಹರಡಲು ಒಂದು ತುಪ್ಪುಳು ಬ್ಲೆಂಡಿಂಗ್ ಬ್ರಷ್. ಕಾಜಲ್ ಹರಡಲು ಪೆನ್ಸಿಲ್ ಮೊನೆಯಂಥ ಗಿಡ್ಡ ಬ್ರಷ್. ಫ್ಯಾನ್ ಬ್ರಷ್, ಲಿಪ್ ಬ್ರಷ್ ಆಮೇಲೆ ಬೇಕೆನಿಸಿದಾಗ ಕೊಂಡರಾಯಿತು. 24ರ ಸೆಟ್ಟಿನಲ್ಲಿ ಹೆಚ್ಚಿನವು ಒಂದೇ ಐಶ್ಯಾಡೋ ಬ್ರಷ್ಷಿನ ಅಣ್ಣತಮ್ಮಂದಿರು. ಹಿಡಿಯ ಉದ್ದವನ್ನೂ ಗಮನಿಸಿ: ಉದ್ದ ಹಿಡಿ ಬೇರೆಯವರಿಗೆ ಮೇಕಪ್ ಮಾಡುವವರಿಗೆ ಅನುಕೂಲ. ಕನ್ನಡಿಗೆ ಹತ್ತಿರ ನಿಂತು ನಿಮಗೆ ನೀವೇ ಹಚ್ಚಿಕೊಳ್ಳುವಾಗ ಅದು ಕನ್ನಡಿಗೆ ಬಡಿಯುತ್ತದೆ.

‘ಈ ಪ್ಯಾಲೆಟ್‌ನಲ್ಲಿ ಬಣ್ಣವೇ ಬರುವುದಿಲ್ಲ’ ಎಂದು ಬಣ್ಣದ ಪುಡಿಗಳ ಡಬ್ಬಿಯನ್ನು ದೂರುವವರು ಬ್ರಷ್ ಬದಲಿಸಿ ನೋಡಬೇಕು. ಗಟ್ಟಿಯಾಗಿ ಒತ್ತಿದ ಪುಡಿಯ ಮೇಲೆ ತೀರಾ ಮೃದುವಾದ ಬ್ರಷ್ ಜಾರುತ್ತದೆ, ಬಣ್ಣ ಎತ್ತುವುದಿಲ್ಲ. ಮೆತ್ತನೆಯ ಪುಡಿಗೆ ಬಿರುಸು ಬ್ರಷ್ ಹಾಕಿದರೆ ಪುಡಿ ಹಾರಿ ಕೆನ್ನೆಯೆಲ್ಲಾ ಚುಕ್ಕೆ.

ಅಂಗಡಿಯಲ್ಲಿ ಒಂದೆರಡು ನಿಮಿಷ ತೆಗೆದುಕೊಳ್ಳಿ. ಬ್ರಷ್ಷನ್ನು ಮಣಿಕಟ್ಟಿನ ಒಳಮೈ ಮೇಲೆ ಸುತ್ತಿಸಿ. ನವಿರಾಗಿ ಎಳೆದರೆ ಎಲ್ಲ ಬ್ರಷ್ಷೂ ಮೃದುವೇ, ನೇರವಾಗಿ ಒತ್ತಿದಾಗ ಚುಚ್ಚುತ್ತದೆಯೇ ಎಂಬುದು ಮುಖ್ಯ. ಒತ್ತಿ ಬಿಟ್ಟರೆ ಕೂದಲು ತಕ್ಷಣ ಮೊದಲಿನ ಆಕಾರಕ್ಕೆ ಬರಬೇಕು. ಬೆರಳಿನಿಂದ ಕೂದಲನ್ನು ಅಗಲಿಸಿ ಬುಡ ನೋಡಿ, ನಡುವೆ ಟೊಳ್ಳಿದ್ದರೆ ಬೇಡ. ಮೆಲ್ಲಗೆ ಎಳೆದಾಗ ಒಂದೆರಡು ಎಳೆ ಬಂದರೆ ಚಿಂತೆಯಿಲ್ಲ, ಪ್ರತಿ ಸಲವೂ ಬರುತ್ತಿದ್ದರೆ ಅಂಟು ಹಿಡಿದಿಲ್ಲ. ಫೆರೂಲ್ ಹಿಡಿದು ಹಿಡಿಯನ್ನು ತಿರುಗಿಸಿ ನೋಡಿ, ಒಂದಿಷ್ಟೂ ಅಲ್ಲಾಡಬಾರದು. ಆನ್‌ಲೈನ್‌ನಲ್ಲಿ ಇದೆಲ್ಲ ಆಗದು, ಆದ್ದರಿಂದ ವಾಪಸಾತಿ ಇರುವ ಕಡೆಯೇ ಕೊಂಡು, ಬಂದ ದಿನವೇ ಈ ಪರೀಕ್ಷೆ ಮಾಡಿ. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇಲ್ಲದಿದ್ದರೆ ಹಿಂದಕ್ಕೆ ಕಳಿಸಿ.

ಮುಖಕ್ಕೆ ತಾಗಿಸುವ ಮುಂಚೆ ಒಮ್ಮೆ ತೊಳೆಯಿರಿ. ಒದ್ದೆ ಕೂದಲನ್ನು ಬಿಳಿ ಬಟ್ಟೆಗೆ ಒತ್ತಿದಾಗ ಬಣ್ಣ ಬಿಟ್ಟರೆ ಆ ಬಣ್ಣ ಮುಖಕ್ಕೂ ಬರುತ್ತದೆ. ಆಮೇಲೆ 7ರಿಂದ 10 ದಿನಕ್ಕೊಮ್ಮೆ ತೊಳೆಯುವುದು ಒಳ್ಳೆಯ ಪದ್ಧತಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಸೋಪು ಬಳಸಬೇಡಿ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ಅಂಟಂಟು ಕಿಟ್ಟವಾಗಿ ಎಳೆಗಳ ನಡುವೆ ಕೂರುತ್ತದೆ, ಬ್ರಷ್ ಒರಟಾಗುತ್ತದೆ. ಕಡಲೆಕಾಳಿನಷ್ಟು ಬೇಬಿ ಶಾಂಪೂ ಸಾಕು. ತುದಿಯನ್ನು ಕೆಳಮುಖವಾಗಿ ಹಿಡಿದು, ಉಗುರುಬೆಚ್ಚಗಿನ ನೀರು ಕೂದಲಿಗಷ್ಟೇ ತಾಗುವಂತೆ ತೊಳೆಯಿರಿ. ನೀರು ಫೆರೂಲ್ ಒಳಗೆ ಹೋದರೆ ಅಂಟು ಸಡಿಲವಾಗುತ್ತದೆ, ಮರದ ಹಿಡಿ ಉಬ್ಬಿ ಬಿರಿಯುತ್ತದೆ. ಅದೇ ಕಾರಣಕ್ಕೆ ಲೋಟದಲ್ಲಿ ನಿಲ್ಲಿಸಿ ಒಣಗಿಸಬೇಡಿ. ಟವೆಲ್‌ನಲ್ಲಿ ಒತ್ತಿ ನೀರು ತೆಗೆದು, ಆಕಾರ ಸರಿಪಡಿಸಿ, ಮೇಜಿನ ಅಂಚಿನಿಂದ ಕೂದಲು ಹೊರಗೆ ಚಾಚಿರುವಂತೆ ಮಲಗಿಸಿ. ಮಂಗಳೂರು, ಉಡುಪಿಯ ಕಡೆ ಮಳೆಗಾಲದಲ್ಲಿ ದಟ್ಟ ಬಫಿಂಗ್ ಬ್ರಷ್ ರಾತ್ರಿ ಕಳೆದರೂ ಒಳಗೆ ತೇವವಾಗಿಯೇ ಇರಬಹುದು. ಬುಡವನ್ನು ಬೆರಳಲ್ಲಿ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಹಾಗೆಯೇ ಪೌಚಿನಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಫ್ಯಾನಿನ ಕೆಳಗೆ ಇನ್ನೂ ಒಂದು ದಿನ ಬಿಡಿ.