ಬೆನ್ನುಹುರಿಗೂ ನಡಿಗೆ ಗೊತ್ತು

ಬೆನ್ನುಹುರಿಗೆ ಪೆಟ್ಟಾಗಿ ಎದ್ದು ನಿಲ್ಲಲಾರದವರು ಯಂತ್ರದ ಕವಚ ತೊಟ್ಟು ಹೆಜ್ಜೆ ಹಾಕುವ ದೃಶ್ಯ ಪ್ರಕಟವಾದಾಗಲೆಲ್ಲ ‘ಸ್ವಾಧೀನ ತಪ್ಪಿದ ಕಾಲುಗಳಿಗೆ ಮರುಜೀವ’ ಎಂಬಂಥ ತಲೆಬರಹಗಳು ಜೊತೆಗೇ ಬರುತ್ತವೆ. ಆ ಹೊತ್ತಿನಲ್ಲಿ ಕಾಲನ್ನು ಎತ್ತುತ್ತಿರುವುದು ಸೊಂಟ ಮತ್ತು ಮಂಡಿಯ ಪಕ್ಕದಲ್ಲಿ ಕೂರಿಸಿದ ಮೋಟಾರು. ಕವಚ ಬಿಚ್ಚಿದೊಡನೆ ಆ ವ್ಯಕ್ತಿ ಗಾಲಿಕುರ್ಚಿಗೇ ಮರಳಬೇಕಾಗುತ್ತದೆ. ಇದನ್ನು ಮರೆಮಾಚುವುದರಿಂದ ಗಾಯಾಳುವಿಗೂ ಮನೆಯವರಿಗೂ ಆಗುವ ನಿರಾಸೆ ಸಣ್ಣದಲ್ಲ. ಈ ಅತಿರಂಜನೆಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಅದರ ಬುಡದಲ್ಲಿರುವ ತಪ್ಪು ತಿಳಿವಳಿಕೆ. ಬೆನ್ನುಹುರಿ ಎಂದರೆ ಮಿದುಳಿನ ಅಪ್ಪಣೆಯನ್ನು ಕಾಲಿಗೆ ಮುಟ್ಟಿಸುವ ಬರಿಯ ತಂತಿ, ಅದು ತುಂಡಾದರೆ ಕೆಳಗೆ ಏನೂ ಉಳಿಯುವುದಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಆ ನಂಬಿಕೆ ಇರುವತನಕ ಈ ಯಂತ್ರದ ನಿಜವಾದ ಕೆಲಸ ಏನೆಂಬುದು ಅರ್ಥವಾಗುವುದಿಲ್ಲ.

ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಥಾಮಸ್ ಗ್ರಹಾಂ ಬ್ರೌನ್ 1911ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಅಲುಗಾಡಿಸಿತು. ಬೆಕ್ಕಿನ ಬೆನ್ನುಹುರಿಯನ್ನು ಮಿದುಳಿನಿಂದ ಬೇರ್ಪಡಿಸಿ, ಕಾಲಿನಿಂದ ಬರುವ ಸಂವೇದನೆಯ ನರಗಳನ್ನೂ ಕತ್ತರಿಸಿದ ಮೇಲೂ ಹಿಂಗಾಲಿನ ಸ್ನಾಯುಗಳು ಸ್ವಲ್ಪ ಹೊತ್ತು ಮಡಚುತ್ತ, ಚಾಚುತ್ತ ನಡಿಗೆಯ ಲಯದಲ್ಲಿ ಮಿಡಿದವು. ಮಡಚಿಸುವ ನರಕೋಶಗಳ ಒಂದು ಗುಂಪು, ಚಾಚಿಸುವ ನರಕೋಶಗಳ ಇನ್ನೊಂದು ಗುಂಪು ಸರದಿಯಂತೆ ಒಂದನ್ನೊಂದು ತಡೆಯುವುದರಿಂದ ಈ ಲಯ ಹುಟ್ಟುತ್ತದೆ ಎಂಬುದು ಬ್ರೌನ್ ನೀಡಿದ ವಿವರಣೆ. ಇದು ದಶಕಗಳ ಕಾಲ ಮೂಲೆಗೆ ಬಿದ್ದಿತ್ತು. 1987ರಲ್ಲಿ ಕೆನಡಾದ ಬಾರ್ಬೊ ಮತ್ತು ರೊಸಿನ್ಯೋಲ್, ಬೆನ್ನುಹುರಿ ಪೂರ್ತಿ ತುಂಡಾದ ವಯಸ್ಕ ಬೆಕ್ಕುಗಳು ಟ್ರೆಡ್‌ಮಿಲ್ ಮೇಲಿನ ನಿತ್ಯ ಅಭ್ಯಾಸದಿಂದ ಹಿಂಗಾಲುಗಳ ಮೇಲೆ ಭಾರ ಹೊತ್ತು ಮತ್ತೆ ಹೆಜ್ಜೆ ಹಾಕುವುದನ್ನು ತೋರಿಸಿದರು. ಮಿದುಳಿನ ಸಂಪರ್ಕವಿಲ್ಲದ ಆ ಹುರಿ ತಾನಾಗಿ ಕಲಿಯುತ್ತಿತ್ತು. ಮನುಷ್ಯನ ನಡಿಗೆ ಮಿದುಳನ್ನು ಇದಕ್ಕಿಂತ ಬಹಳ ಹೆಚ್ಚಾಗಿ ಅವಲಂಬಿಸಿದೆ, ಆದ್ದರಿಂದ ಹುರಿ ಪೂರ್ತಿ ಕಡಿದವರು ಬರಿಯ ಅಭ್ಯಾಸದಿಂದ ಬೆಕ್ಕಿನಂತೆ ನಡೆಯಲಾರರು. ಆದರೂ ಅಂಥವರ ಬೆನ್ನುಹುರಿಯ ಕೆಳಭಾಗಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟಾಗ ಕಾಲಿನ ಸ್ನಾಯುಗಳಲ್ಲಿ ಹೆಜ್ಜೆಯಂಥ ಲಯ ಮೂಡುವುದು 1998ರಲ್ಲಿ ದಾಖಲಾಯಿತು. ಸೊಂಟದ ಮಟ್ಟದ ಆ ನರಜಾಲ ಮಲಗಿದೆ, ಸತ್ತಿಲ್ಲ.

ಅದನ್ನು ಎಬ್ಬಿಸುವುದು ಯಾವುದು? ಅಪ್ಪಣೆ ಮೇಲಿನಿಂದ ಬರದಿದ್ದರೆ ಸುದ್ದಿ ಕೆಳಗಿನಿಂದ ಬರಬೇಕು, ಮತ್ತು ಎಲ್ಲ ಸುದ್ದಿಗೂ ಒಂದೇ ಬೆಲೆಯಿಲ್ಲ. ನಡೆಯುವಾಗ ಹಿಂದುಳಿದ ಕಾಲು ಸೊಂಟದ ಕೀಲಿನಲ್ಲಿ ಹಿಂದಕ್ಕೆ ಚಾಚಿಕೊಂಡು, ಅದರ ಮುಂಭಾಗದ ಸ್ನಾಯುಗಳು ಹಿಗ್ಗುತ್ತವೆ. ಅದೇ ಹೊತ್ತಿಗೆ ದೇಹದ ಭಾರ ಇನ್ನೊಂದು ಕಾಲಿಗೆ ಸರಿದು ಈ ಪಾದ ಹಗುರಾಗುತ್ತದೆ. ಸೊಂಟ ಚಾಚಿದೆ, ಭಾರ ಇಳಿದಿದೆ ಎಂಬ ಎರಡು ಸುದ್ದಿಗಳು ಕೂಡಿ ಬಂದಾಗ ಮಾತ್ರ ಹುರಿಯ ಜಾಲ ‘ಈಗ ಮಡಚು’ ಎನ್ನುತ್ತದೆ. ಪಾದದ ಮೇಲೆ ಭಾರ ಇರುವಷ್ಟು ಹೊತ್ತೂ ಚಾಚಿಸುವ ಸ್ನಾಯುಗಳ ಕೆಲಸ ಮುಂದುವರಿಯುತ್ತದೆ, ಮಡಚುವಿಕೆ ತಡೆಹಿಡಿಯಲ್ಪಡುತ್ತದೆ. ಉಯ್ಯಾಲೆಯನ್ನು ಅದು ಹಿಂದಕ್ಕೆ ಬಂದು ತಿರುಗುವ ಕ್ಷಣದಲ್ಲಿ ತಳ್ಳುವ ಬದಲು ತುಸು ಮುಂಚೆ ತಳ್ಳಿದರೆ ಲಯವೇ ಕೆಡುತ್ತದಲ್ಲವೇ, ಇಲ್ಲಿಯೂ ಕಾಲವೇ ಮುಖ್ಯ. ಕಾಲನ್ನು ನೂರು ಬಾರಿ ಎತ್ತಿ ಇಳಿಸಿದರೂ ಸೊಂಟ ಪೂರ್ತಿ ಚಾಚದಿದ್ದರೆ, ಅಂಗಾಲಿಗೆ ಭಾರ ತಾಗದಿದ್ದರೆ, ಹುರಿಗೆ ಅದು ನಡಿಗೆ ಎನ್ನಿಸುವುದಿಲ್ಲ.

ಯಂತ್ರದ ಒಂದು ಹೆಜ್ಜೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ತೊಡೆ, ಮೊಣಕಾಲಿನ ಕೆಳಗೆ ಮತ್ತು ಎದೆಗೆ ಪಟ್ಟಿ ಬಿಗಿದು, ಎರಡೂ ಕೈಗೆ ಊರುಗೋಲು ಕೊಟ್ಟು, ಫಿಸಿಯೊಥೆರಪಿಸ್ಟ್ ಬೆನ್ನ ಹಿಂದೆ ಹಿಡಿಕೆಯನ್ನು ಹಿಡಿದು ನಿಲ್ಲುತ್ತಾರೆ. ನಡೆಯುವವರು ಬಲಗಾಲಿನ ಮೇಲೆ ಭಾರ ಹಾಕಿ ಮೈಯನ್ನು ತುಸು ಮುಂದಕ್ಕೆ ಬಾಗಿಸಬೇಕು. ಆ ಬಾಗುವಿಕೆಯನ್ನು ಸೆನ್ಸರ್ ಗುರುತಿಸಿದ ಮೇಲೆಯೇ ಎಡಗಾಲಿನ ಮೋಟಾರುಗಳು ಚಲಿಸುತ್ತವೆ. ಭಾರ ಸರಿಯಾಗಿ ಸರಿಯದಿದ್ದರೆ ಹೆಜ್ಜೆ ಬರುವುದಿಲ್ಲ, ಯಂತ್ರ ಕಾಯುತ್ತ ನಿಲ್ಲುತ್ತದೆ. ಕೆಲವೇ ನಿಮಿಷಗಳಲ್ಲಿ ಕುತ್ತಿಗೆ ಬೆವರುತ್ತದೆ, ಹೆಗಲು ಸೋಲುತ್ತದೆ, ಏಕೆಂದರೆ ಕಾಲಿನ ಕೆಲಸ ಮೋಟಾರಿನದಾದರೂ ಸಮತೋಲದ ಕೆಲಸ ಮನುಷ್ಯನದೇ.

ಈ ಯಂತ್ರಗಳ ಚರಿತ್ರೆ ಜನ ಎಣಿಸುವುದಕ್ಕಿಂತ ಹಳೆಯದು. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಭಾರ ಎತ್ತುವವರಿಗಾಗಿ ಹಾರ್ಡಿಮನ್ ಎಂಬ, ಸುಮಾರು 680 ಕಿಲೋಗ್ರಾಂ ತೂಗುವ ಕವಚ ಮಾಡಹೊರಟು ಅದನ್ನು ಹತೋಟಿಗೆ ತರಲಾರದೆ ಹೋಯಿತು. ಅದೇ ಸುಮಾರಿಗೆ ಬೆಲ್‌ಗ್ರೇಡಿನ ಮಿಹೈಲೊ ಪುಪಿನ್ ಸಂಸ್ಥೆಯಲ್ಲಿ ಮಿಯೊಮಿರ್ ವುಕೊಬ್ರಾಟೊವಿಚ್ ಅವರ ತಂಡ ಸ್ವಾಧೀನ ಕಳೆದುಕೊಂಡವರನ್ನೇ ಮನಸ್ಸಿನಲ್ಲಿಟ್ಟು ಗಾಳಿಯ ಒತ್ತಡದಿಂದ ನಡೆಯುವ ಕವಚ ರೂಪಿಸಿತು. ಬೀಳದೆ ನಡೆಯುವುದರ ಬಗ್ಗೆ ಅವರು ಕಟ್ಟಿದ ಗಣಿತ ಇಂದಿನ ಮಾನವಾಕೃತಿಯ ರೋಬಾಟುಗಳಿಗೂ ಆಧಾರವಾಗಿದೆ. ರೀವಾಕ್ ಕವಚವನ್ನು ರೂಪಿಸಿದ ಇಸ್ರೇಲಿನ ಎಂಜಿನಿಯರ್ ಅಮಿತ್ ಗೋಫರ್ 1997ರ ಅಪಘಾತದಲ್ಲಿ ಕೈಕಾಲುಗಳೆರಡರ ಬಲವನ್ನೂ ಕಳೆದುಕೊಂಡವರು. ಊರುಗೋಲು ಹಿಡಿಯಲು ಕೈಗಳಲ್ಲಿ ಶಕ್ತಿ ಬೇಕಾದ ಆ ಕವಚವನ್ನು ಅವರೇ ತೊಡುವಂತಿರಲಿಲ್ಲ. ಅದಕ್ಕೆ 2014ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಲಕರಣೆಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮನೆಯಲ್ಲಿ ಬಳಸಲು ಅನುಮತಿ ನೀಡಿತು.

ಹಾಗಾದರೆ ಚಿಕಿತ್ಸೆಯಾಗಿ ಇದರ ಫಲವೇನು? ಹೊಸದಾಗಿ ಗಾಯಗೊಂಡ 146 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೈಭಾರವನ್ನು ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ಚಿಕಿತ್ಸಕರ ಕೈಯಾಸರೆಯಿಂದ ನಡೆಸಿದವರಿಗೂ ನೆಲದ ಮೇಲೆ ವಾಡಿಕೆಯ ಅಭ್ಯಾಸ ಮಾಡಿದವರಿಗೂ ನಡಿಗೆಯಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಸುಧಾರಣೆ ಕಂಡಿತು. ಅದು ರೋಬಾಟಿನ ಪರೀಕ್ಷೆಯಾಗಿರಲಿಲ್ಲ, ಆದರೂ ಅದರ ಪಾಠ ರೋಬಾಟಿಗೂ ಸಲ್ಲುತ್ತದೆ: ದುಬಾರಿ ಸಲಕರಣೆ ಮಾತ್ರದಿಂದ ನರಗಳು ಕಲಿಯುವುದಿಲ್ಲ. ಯಂತ್ರ ತಪ್ಪಿಲ್ಲದೆ ಕಾಲನ್ನು ಹೊತ್ತೊಯ್ದರೆ ಗಾಯಾಳುವಿನ ಸ್ವಂತ ಪ್ರಯತ್ನವೇ ಕುಂದುತ್ತದೆ. ಆದಕಾರಣ ಈಗಿನ ಯಂತ್ರಗಳಲ್ಲಿ ಹಲವು, ಬೇಕಾದಷ್ಟು ಮಾತ್ರ ನೆರವು ಕೊಟ್ಟು ಉಳಿದುದನ್ನು ಕಾಲಿಗೇ ಬಿಡುವಂತೆ ಹೊಂದಿಸಲ್ಪಡುತ್ತವೆ. ಹುರಿಯಲ್ಲಿ ಕೆಲವು ಎಳೆಗಳಾದರೂ ಉಳಿದವರಿಗೆ ಇದರಿಂದ ಲಾಭದ ಸಾಧ್ಯತೆ ಹೆಚ್ಚು. ಪೂರ್ತಿ ಗಾಯವಾದವರಲ್ಲಿ ಕೆಲವರಿಗೆ ಸ್ನಾಯುಗಳ ಬಿಗಿತ ಸಡಿಲಾಗುತ್ತದೆ, ಮಲವಿಸರ್ಜನೆ ಸುಲಭವಾಗುತ್ತದೆ. ನಡಿಗೆಯ ವೇಗ ಮಾತ್ರ ಕಡಿಮೆಯೇ. ಹಲವು ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ ಸರಾಸರಿ ವೇಗ ಸೆಕೆಂಡಿಗೆ 0.26 ಮೀಟರ್ ಬಂದಿತು. ಆರೋಗ್ಯವಂತರು ಸೆಕೆಂಡಿಗೆ ಸುಮಾರು 1.3 ಮೀಟರ್ ನಡೆಯುತ್ತಾರೆ.

ಗಾಯದ ಮೊದಲ ಒಂದೆರಡು ವರ್ಷಗಳಲ್ಲಿ ಕಾಲಿನ ಮೂಳೆಗಳು ವೇಗವಾಗಿ ಸವೆಯುವುದರಿಂದ, ಮಂಡಿಯ ಆಸುಪಾಸಿನ ಮೂಳೆ ನಡಿಗೆಯ ಒತ್ತಡಕ್ಕೇ ಮುರಿಯಬಹುದು, ನೋವಿನ ಅರಿವಿಲ್ಲದೆ ಅದು ಗೊತ್ತಾಗದೆಯೂ ಹೋಗಬಹುದು. ಅದಕ್ಕೇ ಕವಚ ತೊಡುವ ಮೊದಲು ಮೂಳೆಯ ಸಾಂದ್ರತೆಯ ಪರೀಕ್ಷೆ, ತೆಗೆದ ಮೇಲೆ ಪಟ್ಟಿ ಒತ್ತಿದ ಜಾಗದಲ್ಲಿ ಚರ್ಮ ಕೆಂಪಾಗಿದೆಯೇ ಎಂಬ ತಪಾಸಣೆ ತಪ್ಪಿಸಬಾರದವು. ಚಿಕಿತ್ಸೆಗೆ ಸೇರಿದವರ ಮನೆಯವರು, ಗಾಯಾಳು ಎಷ್ಟು ಹೆಜ್ಜೆ ಹಾಕಿದರು ಎಂಬುದರ ಜೊತೆಗೆ ಇನ್ನೊಂದನ್ನು ಕೇಳಬೇಕು. ಪ್ರತಿ ಹೆಜ್ಜೆಯಲ್ಲಿ ಮೋಟಾರಿನ ಪಾಲು ಎಷ್ಟು, ಕಾಲಿನ ಪಾಲು ಎಷ್ಟು? ನೆರವಿನ ಪ್ರಮಾಣವನ್ನು ಅಳೆದು ದಾಖಲಿಸುವ ಯಂತ್ರಗಳಿವೆ, ಮತ್ತು ಹುರಿಯಲ್ಲಿ ಕೆಲವು ಎಳೆಗಳು ಉಳಿದಿರುವವರಲ್ಲಿ ಮೋಟಾರಿನ ಪಾಲು ವಾರದಿಂದ ವಾರಕ್ಕೆ ಇಳಿಯುತ್ತಿದೆಯೇ ಎಂಬುದನ್ನು ಆ ದಾಖಲೆಯಲ್ಲಿಯೇ ನೋಡಬಹುದು.