ಯಾರಿಗೆ, ಯಾವಾಗ, ಯಾವ ಟೆಸ್ಟ್: ಸಾಂಕ್ರಾಮಿಕ ಕಾಲದ ನಿಗಾವಣೆಯ ಟಿಪ್ಪಣಿ

ಸಮುದಾಯ ಆರೋಗ್ಯ ಓದುವ ನಮ್ಮಲ್ಲಿ ಬಹಳ ಜನ ತಡವರಿಸುವುದು ಮೂರು ಪದಗಳಲ್ಲಿ: ಸೂಕ್ಷ್ಮತೆ, ನಿರ್ದಿಷ್ಟತೆ, ಪಾಸಿಟಿವಿಟಿ ದರ. ವ್ಯಾಖ್ಯಾನ ಬಾಯಿಪಾಠ ಆಗಿರುತ್ತದೆ, ಲೆಕ್ಕ ಕೊಟ್ಟರೆ ಕೈ ಓಡುವುದಿಲ್ಲ. ನಮ್ಮ ಮೈಸೂರು, ಮಂಡ್ಯದಲ್ಲಿ 2020ರಲ್ಲಿ ಕೋವಿಡ್ ಬಂದಾಗ ನಡೆದದ್ದನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಮೂರೂ ತಲೆಗೆ ಹತ್ತುತ್ತವೆ.

ಆ ವರ್ಷ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಿಗೆ ಕೋವಿಡ್ ದೃಢಪಟ್ಟಿತು. ಅವರು ವಿದೇಶಕ್ಕೆ ಹೋಗಿ ಬಂದವರಲ್ಲ. ಆಗಿನ್ನೂ ಟೆಸ್ಟ್ ಸಿಗುತ್ತಿದ್ದದ್ದು ಮುಖ್ಯವಾಗಿ ಹೊರದೇಶದಿಂದ ಬಂದವರಿಗೆ, ಅವರ ಸಂಪರ್ಕಕ್ಕೆ ಬಂದವರಿಗೆ. ಇಲ್ಲಿ ಹಾಗಲ್ಲ, ಕಾರ್ಖಾನೆಯ ನೌಕರರನ್ನೂ ಅವರ ಮನೆಯವರನ್ನೂ ಕ್ವಾರಂಟೈನ್ ಮಾಡಿ, ಸಂಪರ್ಕದ ಎಳೆ ಹಿಡಿದು ಪರೀಕ್ಷಿಸುತ್ತಾ ಹೋದರು. ಮೈಸೂರು ಜಿಲ್ಲೆಯಲ್ಲಿ ಆರಂಭದಲ್ಲಿ ಕಂಡ ಬಹುಪಾಲು ಪ್ರಕರಣಗಳು ಈ ಒಂದೇ ಗುಂಪಿನವು. ಮೇ ಮಧ್ಯದ ಹೊತ್ತಿಗೆ ಜಿಲ್ಲೆಯಲ್ಲಿ ಸಕ್ರಿಯ ಪ್ರಕರಣ ಒಂದೂ ಉಳಿದಿರಲಿಲ್ಲ. ಹಾದಿಬೀದಿಯಲ್ಲಿ ಸಿಕ್ಕವರಿಗೆಲ್ಲ ಟೆಸ್ಟ್ ಮಾಡಿದ್ದರೆ ಇದು ಆಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾಕೆ ಎಂಬುದನ್ನು ಲೆಕ್ಕವೇ ಹೇಳುತ್ತದೆ.

ರ‍್ಯಾಪಿಡ್ ಆಂಟಿಜೆನ್ ಕಿಟ್ (ಸ್ಥಳದಲ್ಲೇ ಬೇಗ ಫಲಿತಾಂಶ ಕೊಡುವುದು) ತೆಗೆದುಕೊಳ್ಳಿ. 2020ರ ಜೂನ್‌ನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಒಪ್ಪಿದ ಮೊದಲ ಕಿಟ್‌ನ ಸೂಕ್ಷ್ಮತೆ 50.6ರಿಂದ 84 ಶೇಕಡ, ನಿರ್ದಿಷ್ಟತೆ 99.3ರಿಂದ 100 ಶೇಕಡ. ಸೂಕ್ಷ್ಮತೆ ಎಂದರೆ ಸೋಂಕಿರುವ ನೂರು ಜನರಲ್ಲಿ ಎಷ್ಟು ಜನ ಸಿಕ್ಕಿಬಿದ್ದರು ಎಂಬುದು. ನಿರ್ದಿಷ್ಟತೆ ಎಂದರೆ ಸೋಂಕಿಲ್ಲದ ನೂರು ಜನರಲ್ಲಿ ಎಷ್ಟು ಜನಕ್ಕೆ ಸರಿಯಾಗಿ ನೆಗೆಟಿವ್ ಬಂತು ಎಂಬುದು. ಲೆಕ್ಕ ಸುಲಭವಾಗಲಿ ಅಂತ ಸೂಕ್ಷ್ಮತೆ 60, ನಿರ್ದಿಷ್ಟತೆ 99 ಎಂದಿಟ್ಟುಕೊಳ್ಳೋಣ.

ಮೊದಲು ದೇವರಾಜ ಮಾರುಕಟ್ಟೆಗೆ ಬಂದ 1000 ಜನಕ್ಕೆ ಟೆಸ್ಟ್ ಮಾಡಿದೆವು, ಸೋಂಕಿರುವವರು ನೂರಕ್ಕೆ ಒಬ್ಬರು ಅಂದುಕೊಳ್ಳಿ. ಸೋಂಕಿತರು 10, ಅವರಲ್ಲಿ 6 ಜನ ಸಿಗುತ್ತಾರೆ. ಸೋಂಕಿಲ್ಲದ 990ರಲ್ಲಿ ಸುಮಾರು 10 ಜನಕ್ಕೆ ಸುಳ್ಳು ಪಾಸಿಟಿವ್. ಒಟ್ಟು 16 ಪಾಸಿಟಿವ್‌ನಲ್ಲಿ ನಿಜವಾದವು 6 ಮಾತ್ರ! ಈಗ ಅದೇ ಕಿಟ್‌ನಲ್ಲಿ ಸೋಂಕಿತರ ಜೊತೆ ಕೆಲಸ ಮಾಡಿದ 1000 ಜನರನ್ನು ನೋಡಿ, ನೂರಕ್ಕೆ 20 ಜನಕ್ಕೆ ಸೋಂಕಿದೆ ಎನ್ನೋಣ. ಸೋಂಕಿತ 200ರಲ್ಲಿ 120 ಜನ ಸಿಕ್ಕರು, ಸೋಂಕಿಲ್ಲದ 800ರಲ್ಲಿ ಸುಳ್ಳು ಪಾಸಿಟಿವ್ 8. ಅಂದರೆ 128ರಲ್ಲಿ 120 ನಿಜ. ಕಿಟ್ ಬದಲಾಗಿಲ್ಲ, ಜನ ಬದಲಾದರು ಅಷ್ಟೇ.

ಆದರೆ ಎರಡನೇ ಲೆಕ್ಕದಲ್ಲಿ ಕೈತಪ್ಪಿದ 80 ಜನರನ್ನು ಮರೆಯಬೇಡಿ. ನೆಗೆಟಿವ್ ಚೀಟಿ ಹಿಡಿದು ಮನೆಗೆ ಹೋದವರು ಅವರು. ರೋಗಲಕ್ಷಣ ಇದ್ದು ಆಂಟಿಜೆನ್‌ನಲ್ಲಿ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ (ಪ್ರಯೋಗಾಲಯದಲ್ಲಿ ಮಾಡುವ, ಸೂಕ್ಷ್ಮತೆ ಹೆಚ್ಚಿರುವ ಟೆಸ್ಟ್) ಮಾಡಲೇಬೇಕು ಎಂಬ ನಿಯಮ ಇದ್ದದ್ದು ಇವರಿಗಾಗಿಯೇ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಕಾರಣ ಸಮೇತ ಬರೆಯಿರಿ.

ಯಾವಾಗ ಟೆಸ್ಟ್ ಮಾಡಿದರು ಎಂಬುದೂ ಅಷ್ಟೇ ಮುಖ್ಯ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 2ರಿಂದ 14 ದಿನ. ಅದಕ್ಕೇ ಲಕ್ಷಣವಿಲ್ಲದ ಸಂಪರ್ಕಿತರನ್ನು ಐದನೇ ದಿನಕ್ಕಿಂತ ಮೊದಲು ಪರೀಕ್ಷಿಸುತ್ತಿರಲಿಲ್ಲ.

ಇನ್ನು ಪಾಸಿಟಿವಿಟಿ ದರ, ಅಂದರೆ ಮಾಡಿದ ನೂರು ಟೆಸ್ಟ್‌ಗಳಲ್ಲಿ ಎಷ್ಟು ಪಾಸಿಟಿವ್ ಬಂದವು ಎಂಬುದು. ಒಂದು ಹೋಬಳಿಯಲ್ಲಿ ಈ ವಾರ 500 ಟೆಸ್ಟ್, 25 ಪಾಸಿಟಿವ್: ದರ 5. ಮುಂದಿನ ವಾರ 1500 ಟೆಸ್ಟ್, 45 ಪಾಸಿಟಿವ್: ದರ 3. ಪ್ರಕರಣ ಹೆಚ್ಚಿದೆ, ಪರಿಸ್ಥಿತಿ ಹದಗೆಟ್ಟಿಲ್ಲ. ಮೂರನೇ ವಾರ 200 ಟೆಸ್ಟ್, 30 ಪಾಸಿಟಿವ್: ದರ 15. ಪ್ರಕರಣ ಇಳಿಯಿತು ಅಂತ ಸಮಾಧಾನಪಟ್ಟರೆ ಕೆಟ್ಟೆವು. 2020ರ ಮೇನಲ್ಲಿ ಮುಂಬೈಯಿಂದ ಕೆ.ಆರ್. ಪೇಟೆ ಕಡೆಗೆ ಮರಳಿದವರಿಂದ ಮಂಡ್ಯದ ಅಂಕಿ ಏರಿದಾಗ ಜನ ಗಾಬರಿಯಾದರು. ಅವರನ್ನು ಕ್ವಾರಂಟೈನ್ ಕೇಂದ್ರದಲ್ಲಿಟ್ಟು ಪರೀಕ್ಷಿಸಿದ್ದರಿಂದ ಕಂಡ ಏರಿಕೆಗೂ ಊರೊಳಗೆ ತಾನಾಗಿ ಹಬ್ಬಿದ ಸೋಂಕಿಗೂ ವ್ಯತ್ಯಾಸವಿದೆ.

ಟೆಸ್ಟ್‌ಗೂ ಮುಂಚಿನ ಕೆಲಸ ಮನೆಬಾಗಿಲಿನದು. ಐಡಿಎಸ್‌ಪಿ, ಅಂದರೆ ಸಮಗ್ರ ರೋಗ ನಿಗಾವಣಾ ಯೋಜನೆ, 2004ರಲ್ಲಿ ಶುರುವಾದದ್ದು. ಉಪಕೇಂದ್ರದಿಂದ ಎಸ್ ನಮೂನೆ, ವೈದ್ಯರಿಂದ ಪಿ, ಪ್ರಯೋಗಾಲಯದಿಂದ ಎಲ್: ಇಷ್ಟು ನೆನಪಿದ್ದರೆ ಸಾಕು. ಆದರೆ ಆ ನಮೂನೆಗೆ ಮಾಹಿತಿ ಹೇಗೆ ಬರುತ್ತದೆ? ಆಶಾ ಕಾರ್ಯಕರ್ತೆ ಜಗುಲಿ ಹತ್ತಿರ ನಿಂತು, "ಜ್ವರ ಗಿರ ಏನಾದ್ರೂ ಇದ್ಯಾ ಅಜ್ಜಿ?" ಅಂದರೆ "ಇಲ್ಲ ಕಣವ್ವ" ಎಂಬ ಉತ್ತರವೇ ಬರುತ್ತದೆ. ಕರೆದುಕೊಂಡು ಹೋಗಿಬಿಡುತ್ತಾರೆ ಎಂಬ ಭಯ. ಅನುಭವ ಇರುವವರು ಬೇರೆ ದಾರಿ ಹಿಡಿಯುತ್ತಾರೆ: "ಊಟ ಸೇರ್ತದಾ? ಮುದ್ದೆ ರುಚಿ ಗೊತ್ತಾಯ್ತದಾ? ಮೆಡಿಕಲ್‌ನಿಂದ ಮಾತ್ರೆ ಏನಾದ್ರೂ ತರಿಸ್ಕಂಡ್ರಾ?" ಆಗ ವಿಷಯ ಹೊರಬೀಳುತ್ತದೆ. ಆಕ್ಸಿಮೀಟರ್ ಹಾಕುವ ಮುನ್ನ ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು, ಉಗುರುಬಣ್ಣ ಇಲ್ಲದ ಬೆರಳು ನೋಡಬೇಕು, ಅಂಕಿ ನಿಲ್ಲುವ ತನಕ ಕಾಯಬೇಕು. 94ಕ್ಕಿಂತ ಕೆಳಗಿದ್ದರೆ ಆಂಬುಲೆನ್ಸ್‌ಗೆ ಫೋನು. ಗೌರವಧನಕ್ಕೆ ದುಡಿಯುವ ಈ ಹೆಣ್ಣುಮಕ್ಕಳ ಪಾತ್ರಕ್ಕೆ ಪಠ್ಯದಲ್ಲಿ ಇನ್ನೂ ಹೆಚ್ಚು ಜಾಗ ಸಿಗಬೇಕು.

ಕಿಟ್ ಕಡಿಮೆ ಇದ್ದಾಗ ಪೂಲಿಂಗ್. 100 ಮಾದರಿಗಳನ್ನು ಐದೈದರಂತೆ ಬೆರೆಸಿದರೆ 20 ಟೆಸ್ಟ್. ಎರಡು ಗುಂಪು ಪಾಸಿಟಿವ್ ಬಂದರೆ ಆ 10 ಮಾದರಿಗಳಿಗೆ ಬಿಡಿಬಿಡಿಯಾಗಿ, ಒಟ್ಟು 30ರಲ್ಲಿ ಮುಗಿಯಿತು. ಸೋಂಕು ಹೆಚ್ಚಿರುವಲ್ಲಿ ಪ್ರತಿ ಗುಂಪೂ ಪಾಸಿಟಿವ್ ಆಗಿ ಉಳಿತಾಯವೆಲ್ಲ ಮಾಯ.

ಇಷ್ಟೆಲ್ಲ ಮಾಡಿಯೂ ಎಷ್ಟು ತಪ್ಪಿಹೋಗಿತ್ತು ಎಂದು ತೋರಿಸಿದ್ದು 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ನಡೆಸಿದ ಸಮೀಕ್ಷೆ. ರಕ್ತದಲ್ಲಿ ಪ್ರತಿಕಾಯ ಇದೆಯೇ, ಆಗ ಸೋಂಕು ಇದೆಯೇ, ಎರಡನ್ನೂ ನೋಡಿದಾಗ ರಾಜ್ಯದ 27.3 ಶೇಕಡ ಜನಕ್ಕೆ ಸೋಂಕು ತಗುಲಿತ್ತು ಎಂದು ಅಂದಾಜಾಯಿತು, ಅಂದರೆ ಸುಮಾರು 1.93 ಕೋಟಿ ಜನ. ಆ ಹೊತ್ತಿನ ಅಧಿಕೃತ ಪ್ರಕರಣಗಳು ಐದು ಲಕ್ಷದ ಆಸುಪಾಸು. ಸಾವಿನ ಪ್ರಮಾಣದ ಲೆಕ್ಕ ಮಾಡುವಾಗ ಈ ಎರಡರಲ್ಲಿ ಯಾವುದನ್ನು ಛೇದದಲ್ಲಿ ಇಟ್ಟಿರಿ ಎಂದು ಬರೆಯದಿದ್ದರೆ ಉತ್ತರಕ್ಕೆ ಅಂಕ ಸಿಗುವುದಿಲ್ಲ.